ಪಿರಮಿಡ್ಡಾ, ಕೋಟೆಯಾ, ವೆನಿಸ್ಸಾ? ಕ್ಯಾಸಿನೊ ಹೋಟೆಲ್ ಬುಕ್ ಮಾಡುವ ಮುಂಚೆ

ಎದುರು ಮನೆಯ ಮೇಷ್ಟ್ರು ಹೋದ ವಾರ ಒಂದು ಹಾಳೆ ಹಿಡಿದುಕೊಂಡು ಬಂದರು. ಅವರ ಮಗ ಸ್ಯಾನ್ ಹೋಸೆಯಲ್ಲಿದ್ದಾನೆ. ಗಂಡ ಹೆಂಡತಿ ಮೇ ತಿಂಗಳಲ್ಲಿ ಹೊರಟಿದ್ದಾರೆ. ಮಗ ಎರಡು ರಾತ್ರಿ ಲಾಸ್ ವೇಗಸ್ ಅಂತ ಪ್ಲಾನ್ ಹಾಕಿ, ಆರು ಹೋಟೆಲ್ ಹೆಸರು ಕಳಿಸಿ, ‘ಅಪ್ಪಾ, ನೀವೇ ಆರಿಸಿ’ ಅಂದಿದ್ದಾನೆ. ಮೇಷ್ಟ್ರು ಒಂದೊಂದರ ಎದುರೂ ಬಾಡಿಗೆ ಬರೆದುಕೊಂಡಿದ್ದರು. ಒಂದಕ್ಕೆ ಮಾತ್ರ ಎರಡು ಗೀಟು. ‘ಇಷ್ಟು ಅಗ್ಗ ಅಂದ್ರೆ ಏನೋ ಮೋಸ ಇರಬೇಕಲ್ವಾಮ್ಮಾ? ಅದೂ ನಾವು ಇಸ್ಪೀಟು ಮುಟ್ಟದವರು. ನಮಗ್ಯಾಕೆ ಕ್ಯಾಸಿನೊ?’

ಗಿರಿನಗರದ ನಮ್ಮ ಬೀದಿಯಲ್ಲಿ ಅಮೆರಿಕಕ್ಕೆ ಹೋಗಿಬಂದ ಅಪ್ಪ ಅಮ್ಮಂದಿರ ಮನೆ ಏಳೆಂಟಿವೆ. ಎಲ್ಲರ ಆಲ್ಬಮ್ಮಿನಲ್ಲೂ ವೇಗಸ್ ಫೋಟೊ ಇದೆ. ಆಡಿದವರು ಒಬ್ಬಿಬ್ಬರೇ. ನಾವೂ ಎರಡು ವರ್ಷದ ಹಿಂದೆ ಹೋಗಿದ್ದೆವು: ನಮ್ಮನೆಯವರು, ಎಪ್ಪತ್ತನಾಲ್ಕು ವರ್ಷದ ಅತ್ತೆ, ಮಗ ಮತ್ತು ನಾನು. ಮೂರು ರಾತ್ರಿ ಇದ್ದೆವು, ಮಧ್ಯೆ ಒಂದು ಸಲ ಹೋಟೆಲ್ ಬದಲಾಯಿಸಿದೆವು. ಅದಕ್ಕೂ ಮುಂಚೆ ಪ್ಯಾಕೇಜ್ ಟೂರಿನಲ್ಲಿ ಮಲೇಷ್ಯಾದ ಗೆಂಟಿಂಗ್ ಬೆಟ್ಟದ ಕ್ಯಾಸಿನೊ ಹೋಟೆಲ್ ಆಗಿತ್ತು. ಹಾಗಾಗಿ ಮೇಷ್ಟ್ರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಥೀಮ್ ಹೋಟೆಲ್ ಅಂದರೆ ರೂಮ್ ಕೂಡ ಪಿರಮಿಡ್ಡಿನ ಹಾಗೆ, ಅರಮನೆಯ ಹಾಗೆ ಇರುತ್ತದೆ ಅಂದುಕೊಂಡು ಹೋಗುತ್ತೇವೆ. ಹಾಗಿರುವುದಿಲ್ಲ. ಅಲಂಕಾರವೆಲ್ಲ ಹೊರಗೋಡೆಯಲ್ಲಿ, ಲಾಬಿಯಲ್ಲಿ, ಅಂಗಡಿ ಸಾಲಿನಲ್ಲಿ. ಅದನ್ನು ಯಾರು ಬೇಕಾದರೂ ಒಳಗೆ ಹೋಗಿ ನೋಡಬಹುದು, ಟಿಕೆಟ್ ಇಲ್ಲ. ನೀವು ದುಡ್ಡು ಕೊಡುವುದು ಹಾಸಿಗೆಗೆ. ಹಾಗಾಗಿ ವೆನಿಸ್ ಇಷ್ಟ ಅಂತ ವೆನಿಸ್ ಹೋಟೆಲಲ್ಲೇ ಇರಬೇಕಾಗಿಲ್ಲ. ಕಾಲು ನೋವು, ದಮ್ಮು, ಬೆಳಿಗ್ಗೆ ಆರಕ್ಕೆ ಕಾಫಿ, ಇವುಗಳನ್ನು ನೋಡಿ ಹೋಟೆಲ್ ಆರಿಸಿ. ಥೀಮ್‌ಗಳನ್ನು ಸಂಜೆ ಸುತ್ತಾಡಿಕೊಂಡು ನೋಡಿ.

ಮೇಷ್ಟ್ರ ಅಗ್ಗದ ಹೋಟೆಲ್

ಸೋಮವಾರದ ರಾತ್ರಿಗೆ ನಲವತ್ತು ಡಾಲರ್ ರೂಮ್ ಸಿಗುವುದು ಸುಳ್ಳಲ್ಲ. ಆದರೆ ಅದರ ಮೇಲೆ ‘ರೆಸಾರ್ಟ್ ಫೀ’ ಅಂತ ಒಂದಿದೆ. ವೈಫೈ, ಜಿಮ್, ಈಜುಕೊಳ ಅಂತೆಲ್ಲ ಹೆಸರು ಹೇಳಿ ದಿನಕ್ಕೆ ನಲವತ್ತು ಐವತ್ತು ಡಾಲರ್ ಹಾಕುತ್ತಾರೆ. ನೀವು ಈಜದಿದ್ದರೂ ಕೊಡಬೇಕು. ಅದರ ಮೇಲೆ ಸುಮಾರು ಶೇಕಡಾ 13ರಷ್ಟು ತೆರಿಗೆ. ಅಲ್ಲಿಗೆ ನಲವತ್ತು ಹೋಗಿ ನೂರು ಆಯಿತು. ಮೊದಲೆಲ್ಲ ಇದು ಚೆಕ್-ಇನ್ ಹೊತ್ತಿಗೆ ಗೊತ್ತಾಗಿ ಜನ ಕೌಂಟರಿನಲ್ಲಿ ಜಗಳ ಆಡುತ್ತಿದ್ದರು. 2025ರ ಮೇ ತಿಂಗಳಿಂದ ಅಮೆರಿಕದಲ್ಲಿ ನಿಯಮ ಬಂದಿದೆ, ಕಡ್ಡಾಯದ ಫೀ ಎಲ್ಲ ಸೇರಿಸಿಯೇ ಬಾಡಿಗೆ ತೋರಿಸಬೇಕು. ಮೇಷ್ಟ್ರ ಮಗ ಕಳಿಸಿದ ಪಟ್ಟಿ ಎಲ್ಲಿಯದೋ ಗೊತ್ತಿಲ್ಲ. ಅದಕ್ಕೇ ಹೇಳಿದೆ, ಬುಕ್ ಮಾಡುವ ಕೊನೆಯ ಪುಟಕ್ಕೆ ಹೋಗಿ ಒಟ್ಟು ಮೊತ್ತ ನೋಡಿ, ಆಮೇಲೆ ಗೀಟು ಹಾಕಿ ಅಂತ.

ವಾರಾಂತ್ಯದಲ್ಲಿ ಇದೇ ರೂಮ್ ಮೂರು ನಾಲ್ಕು ಪಟ್ಟು ಏರುತ್ತದೆ. ಕ್ಯಾಲಿಫೋರ್ನಿಯಾದವರೆಲ್ಲ ಶುಕ್ರವಾರ ಸಂಜೆ ಕಾರು ಹತ್ತಿ ಬಂದುಬಿಡುತ್ತಾರೆ. ಜನವರಿಯ ದೊಡ್ಡ ಎಲೆಕ್ಟ್ರಾನಿಕ್ಸ್ ಮೇಳ, 2023ರಿಂದ ನವೆಂಬರಿನಲ್ಲಿ ನಡೆಯುವ ಫಾರ್ಮುಲಾ ಒನ್ ರೇಸ್, ಈ ಎರಡು ವಾರ ಆ ಕಡೆ ತಲೆ ಹಾಕಲೇಬೇಡಿ. ಭಾನುವಾರ ಹೋಗಿ ಮಂಗಳವಾರ ಬನ್ನಿ. ಮಕ್ಕಳಿಗೆ ಎರಡು ದಿನ ರಜೆ ಹಾಕಲು ಹೇಳಿ. ನಾವು ಅಷ್ಟು ದೂರ ಹೋಗಿರುತ್ತೇವೆ, ಅವರು ಎರಡು ರಜೆ ಹಾಕಲಿ ಬಿಡಿ.

ಜೂಜಿನ ಲಾಭಕ್ಕೆ ರೂಮ್ ಅಗ್ಗ ಮಾಡಿ ಜನರನ್ನು ಎಳೆಯುವುದು ಹಳೇ ಕಾಲದ ಲೆಕ್ಕ. ಈಗ ಅಲ್ಲಿನ ದೊಡ್ಡ ಹೋಟೆಲ್‌ಗಳಿಗೆ ಇಸ್ಪೀಟು, ರೂಲೆಟ್ ಚಕ್ರಕ್ಕಿಂತ (ಗೋಲಿ ಯಾವ ಅಂಕಿಯಲ್ಲಿ ನಿಲ್ಲುತ್ತದೆ ಅಂತ ದುಡ್ಡು ಕಟ್ಟುವ ಆಟ) ರೂಮ್, ಊಟ, ಶೋಗಳಿಂದಲೇ ಜಾಸ್ತಿ ಬರುತ್ತದೆ. ಮೇಷ್ಟ್ರಂಥ ಆಡದ ಗಿರಾಕಿ ಕಂಡರೆ ಅವರಿಗೆ ಬೇಜಾರೇನಿಲ್ಲ.

ಓರೆ ಲಿಫ್ಟಿನ ಪಿರಮಿಡ್

ಈ ಹೋಟೆಲ್‌ಗಳು ಸಾಲಾಗಿರುವ, ಸ್ಟ್ರಿಪ್ ಅಂತ ಕರೆಯುವ ವೇಗಸ್ಸಿನ ರಸ್ತೆ ಸುಮಾರು 6.8 ಕಿಲೋಮೀಟರ್. ನಮ್ಮ ಮೆಜೆಸ್ಟಿಕ್‌ನಿಂದ ಜಯನಗರ ನಾಲ್ಕನೇ ಬ್ಲಾಕ್ ಇದ್ದಂತೆ ಅಂದುಕೊಳ್ಳಿ. ಕಟ್ಟಡಗಳು ಎಷ್ಟು ದೊಡ್ಡವು ಅಂದರೆ ಪಕ್ಕದ್ದು ಇಲ್ಲೇ ಇದೆ ಅನ್ನಿಸುತ್ತದೆ. ನಡೆಯಲು ಶುರು ಮಾಡಿದರೆ ಇಪ್ಪತ್ತು ನಿಮಿಷ. ರಸ್ತೆ ದಾಟಲು ಅಲ್ಲಲ್ಲಿ ಮೇಲ್ಸೇತುವೆ. ಹಾಗಾಗಿ ಹೋಟೆಲ್ ಯಾವುದು ಅನ್ನುವಷ್ಟೇ ರಸ್ತೆಯ ಯಾವ ಕೊನೆ ಅನ್ನುವುದೂ ಮುಖ್ಯ.

ದಕ್ಷಿಣದ ಕೊನೆಯಲ್ಲಿ ಲಕ್ಸರ್ ಇದೆ. 1993ರಲ್ಲಿ ಶುರುವಾದ ಮೂವತ್ತು ಮಹಡಿಯ ಕಪ್ಪು ಗಾಜಿನ ಪಿರಮಿಡ್. ನಾವು ಮೊದಲ ಎರಡು ರಾತ್ರಿ ಇದ್ದದ್ದು ಇಲ್ಲೇ. ಇಲ್ಲಿನ ಲಿಫ್ಟ್ ನೆಟ್ಟಗೆ ಏರುವುದಿಲ್ಲ. ಪಿರಮಿಡ್ಡಿನ ಮೂಲೆ ಹಿಡಿದು 39 ಡಿಗ್ರಿ ಓರೆಯಲ್ಲಿ ಹೋಗುತ್ತದೆ. ಹೊರಟ ತಕ್ಷಣ ಮೈ ಒಂದು ಕಡೆಗೆ ವಾಲಿತು. ಅತ್ತೆ ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಪಕ್ಕದಲ್ಲಿದ್ದ ಗುರುತಿಲ್ಲದ ಹೆಂಗಸಿನ ತೋಳು ಹಿಡಿದುಕೊಂಡು, ‘ಏ, ಇದು ಅಡ್ಡಡ್ಡ ಹೋಗ್ತಿದೆ ಕಣೋ’ ಅಂದರು. ಆ ಹೆಂಗಸು ನಕ್ಕು ಕೊನೆಯ ತನಕ ತೋಳು ಬಿಡಿಸಿಕೊಳ್ಳಲಿಲ್ಲ. ರೂಮಿನ ಕಿಟಕಿಯೂ ಓರೆಯೇ. ಹೊರಗಿನ ಗೋಡೆ ತಲೆ ಮೇಲೆ ಬಾಗಿರುತ್ತದೆ, ಅಟ್ಟದ ಮನೆಯಲ್ಲಿ ಮಲಗಿದ ಹಾಗೆ.

ರೂಮಿನೊಳಗೂ ಥೀಮ್ ಬರುವ ಹೋಟೆಲ್ ನನಗೆ ಕಂಡದ್ದು ಇದೊಂದೇ. ಅದೂ ಕಟ್ಟಡದ ಆಕಾರದಿಂದ ಬಂದದ್ದು. ಒಳಗಿದ್ದ ಈಜಿಪ್ಟ್ ಅಲಂಕಾರವನ್ನು 2007ರ ನಂತರ ಬಹಳಷ್ಟು ತೆಗೆದುಹಾಕಿದರು. ಹೊರಗೆ ಸ್ಫಿಂಕ್ಸ್ ಉಳಿದಿದೆ. ಬುಕ್ ಮಾಡುವಾಗ ಒಂದು ಎಚ್ಚರ: ‘ಪಿರಮಿಡ್ ರೂಮ್’, ‘ಟವರ್ ರೂಮ್’ ಅಂತ ಎರಡು ಬಗೆ ಇವೆ. ಟವರ್ ಅಂದರೆ ಪಕ್ಕದಲ್ಲಿ ಆಮೇಲೆ ಕಟ್ಟಿದ ಮಾಮೂಲಿ ಕಟ್ಟಡ. ಓರೆ ಲಿಫ್ಟ್ ಬೇಕಾದವರು ಪಿರಮಿಡ್ ಅನ್ನಿ. ತಲೆಸುತ್ತು ಇರುವವರು ಟವರ್ ಅನ್ನಿ.

ಪಕ್ಕದಲ್ಲೇ ಎಕ್ಸ್‌ಕ್ಯಾಲಿಬರ್, 1990ರ ಕೋಟೆ. ಕೆಂಪು ನೀಲಿ ಗೋಪುರಗಳು, ಮಕ್ಕಳ ಬಣ್ಣದ ಪುಸ್ತಕದಿಂದ ಎದ್ದು ಬಂದ ಹಾಗೆ. ಬಾಡಿಗೆ ಸಾಮಾನ್ಯವಾಗಿ ಕಮ್ಮಿ. ಮೇಷ್ಟ್ರು ಎರಡು ಗೀಟು ಎಳೆದದ್ದು ಇದಕ್ಕೇ. ರಾತ್ರಿ ಕುದುರೆ ಸವಾರರು ಭರ್ಜಿ ಹಿಡಿದು ಹೊಡೆದಾಡುವ ಡಿನ್ನರ್ ಶೋ ಇರುತ್ತದೆ. ಅಲ್ಲಿ ಚಮಚ, ಫೋರ್ಕ್ ಕೊಡುವುದಿಲ್ಲ, ಹಳೇ ಕಾಲದವರಂತೆ ಕೈಯಲ್ಲೇ ತಿನ್ನಬೇಕು. ಅದನ್ನೇ ದೊಡ್ಡ ಮಜಾ ಅಂತ ಟಿಕೆಟ್ ಇಟ್ಟು ಮಾರುತ್ತಾರೆ. ಅತ್ತೆಗೆ ಇದನ್ನು ಹೇಳಿದಾಗ ‘ಅದಕ್ಕೂ ದುಡ್ಡಾ?’ ಅಂದರು. ಈ ಕೋಟೆ, ಲಕ್ಸರ್, ಅದರಾಚೆಯ ಮಾಂಡಲೇ ಬೇ, ಈ ಮೂರರ ಮಧ್ಯೆ ಪುಕ್ಕಟೆ ಟ್ರಾಮ್ ಓಡುತ್ತದೆ. ಮಂಡಿ ನೋವಿನವರಿಗೆ ದೊಡ್ಡ ಉಪಕಾರ.

ಎದುರು ಮೂಲೆಯ ನ್ಯೂಯಾರ್ಕ್-ನ್ಯೂಯಾರ್ಕ್ 1997ರದ್ದು. ಕಟ್ಟಡದ ಸುತ್ತ ರೋಲರ್ ಕೋಸ್ಟರ್ ಹಾಯುತ್ತದೆ. ನೋಡಲು ಚೆಂದ. ಆದರೆ ಕೆಲವು ರೂಮುಗಳಿಗೆ ಅದರ ಗಡಗಡ ಮತ್ತು ಜನರ ಕಿರುಚಾಟ ಕೇಳಿಸುತ್ತದೆ. ಕೋಸ್ಟರಿನಿಂದ ದೂರದ ರೂಮ್ ಕೊಡಿ ಅಂತ ಮೊದಲೇ ಕೇಳಿಕೊಳ್ಳಿ.

ನಡುಮಧ್ಯದ ಮೂರು

ಸ್ಟ್ರಿಪ್ಪಿನ ಮಧ್ಯಭಾಗದಲ್ಲಿ ಬಾಡಿಗೆ ಜಾಸ್ತಿ, ನಡಿಗೆ ಕಮ್ಮಿ. ವಯಸ್ಸಾದವರ ಜೊತೆ ಹೋಗುವುದಾದರೆ ಈ ವ್ಯಾಪಾರ ಲಾಭದ್ದೇ ಅಂತ ನನ್ನ ಅಭಿಪ್ರಾಯ. ದಿನಕ್ಕೆ ಎರಡು ಟ್ಯಾಕ್ಸಿ ಉಳಿದರೆ ಬಾಡಿಗೆಯ ವ್ಯತ್ಯಾಸ ಅಲ್ಲೇ ಸರಿಹೋಗುತ್ತದೆ.

ಪ್ಯಾರಿಸ್ ಹೋಟೆಲ್ 1999ರದ್ದು. ಮುಂದೆ ನಿಜವಾದದ್ದರ ಅರ್ಧ ಎತ್ತರದ ಐಫೆಲ್ ಗೋಪುರ, 165 ಮೀಟರ್. ಇಲ್ಲಿ ಜಾಸ್ತಿ ದುಡ್ಡು ಕೊಟ್ಟು ತೆಗೆದುಕೊಳ್ಳಬೇಕಾದ್ದು ರಸ್ತೆಯಾಚೆಯ ಬೆಲಾಜಿಯೊ ಕಾರಂಜಿ ಕಾಣುವ ರೂಮ್. ಆ ಕಾರಂಜಿ ಹಾಡಿಗೆ ಕುಣಿಯುತ್ತದೆ. ನಮ್ಮ ಬೃಂದಾವನದ್ದನ್ನು ನೋಡಿ ಬೆಳೆದವರು ‘ಇದೇನು ಮಹಾ’ ಅಂದುಕೊಂಡೇ ಹೋಗುತ್ತೇವೆ, ಆಮೇಲೆ ಬಾಯಿ ಮುಚ್ಚಿಕೊಂಡು ನೋಡುತ್ತೇವೆ. ರಸ್ತೆಯಲ್ಲಿ ನಿಂತು ನೋಡಿದರೆ ಪುಕ್ಕಟೆ. ಆದರೆ ಅತ್ತೆ ಒಂದು ಗಂಟೆ ನಿಂತಿರಲಾರರು. ಅಂಥವರು ಮನೆಯಲ್ಲಿದ್ದರೆ ಕಿಟಕಿಗೆ ದುಡ್ಡು ಕೊಡಿ.

ಬೆಲಾಜಿಯೊ 1998ರದ್ದು, ಇಟಲಿಯ ಸರೋವರದ ಊರಿನ ಥೀಮ್. ಬಾಡಿಗೆ ಮೇಲಿನ ದರ್ಜೆ. ಕಾರಂಜಿ, ಒಳಗಿನ ಹೂವಿನ ತೋಟ ಎರಡೂ ಎಲ್ಲರಿಗೂ ತೆರೆದಿರುವಾಗ ಅಲ್ಲೇ ಉಳಿಯುವ ಅಗತ್ಯ ನನಗೆ ಕಾಣಲಿಲ್ಲ. ಅಲ್ಲಿನ ಹೂವು ನೋಡಿ ನಮ್ಮನೆಯವರು ‘ಲಾಲ್‌ಬಾಗ್ ಗ್ಲಾಸ್ ಹೌಸಿಗೆ ಎಸಿ ಹಾಕಿದಂಗಿದೆ’ ಅಂದರು.

ವೆನೀಷಿಯನ್ ಕೂಡ 1999ರದ್ದೇ. ಒಳಗೆ ಕಾಲುವೆ, ಮೇಲೆ ಬಣ್ಣ ಬಳಿದ ಆಕಾಶ, ದೋಣಿಯವನು ಹಾಡುತ್ತಾ ಹುಟ್ಟು ಹಾಕುತ್ತಾನೆ. ರಾತ್ರಿ ಹನ್ನೊಂದಕ್ಕೆ ಹೋದರೂ ಅಲ್ಲಿ ಸಂಜೆ ನಾಲ್ಕರ ಬೆಳಕು. ದೋಣಿಗೆ ದುಡ್ಡು, ದಂಡೆಯಲ್ಲಿ ಕೂತು ನೋಡುವುದು ಪುಕ್ಕಟೆ. ಆದರೆ ಇಲ್ಲಿ ಉಳಿಯಲು ಬೇರೆ ಕಾರಣವಿದೆ. ಎಲ್ಲವೂ ಸೂಟ್‌ಗಳು, ಸಾಮಾನ್ಯದ್ದೇ ಸುಮಾರು 650 ಚದರ ಅಡಿ. ಮಲಗುವ ಜಾಗ ಮೇಲೆ, ಎರಡು ಮೆಟ್ಟಿಲು ಇಳಿದರೆ ಸೋಫಾ ಇರುವ ಹಾಲು. ಸೋಫಾ ಎಳೆದರೆ ಹಾಸಿಗೆ. ನಾಲ್ಕು ಜನ ಒಂದೇ ರೂಮಿನಲ್ಲಿ ಇಕ್ಕಟ್ಟಿಲ್ಲದೆ ಮಲಗಬಹುದು. ಎರಡು ಅಗ್ಗದ ರೂಮಿಗೆ ಎರಡು ರೆಸಾರ್ಟ್ ಫೀ ಕೊಡುವುದಕ್ಕಿಂತ ಇದು ಎಷ್ಟೋ ವಾಸಿ. ಆ ಎರಡು ಮೆಟ್ಟಿಲು ಮಾತ್ರ ನೆನಪಿರಲಿ, ರಾತ್ರಿ ಎದ್ದವರು ಎಡವುವುದು ಅಲ್ಲೇ.

ಜ್ವಾಲಾಮುಖಿ ಉಕ್ಕುವ ಹೋಟೆಲ್ ಒಂದಿತ್ತಲ್ಲ ಅಂತ ಇನ್ನೂ ಕೇಳುವವರಿದ್ದಾರೆ. ಅದು ಮಿರಾಜ್, 2024ರ ಜುಲೈನಲ್ಲಿ ಮುಚ್ಚಿತು.

ಹೊಗೆ, ಕೆಟಲ್, ಫ್ರಿಜ್

ಯಾವ ಹೋಟೆಲ್ ಆದರೂ ಲಿಫ್ಟಿಗೆ ಹೋಗಲು, ಊಟಕ್ಕೆ ಹೋಗಲು ಕ್ಯಾಸಿನೊ ಹಾಲನ್ನು ಹಾದುಹೋಗಬೇಕು. ಕಿಟಕಿ ಇಲ್ಲ, ಗಡಿಯಾರ ಇಲ್ಲ, ದಾರಿ ನೆಟ್ಟಗಿಲ್ಲ. ಮೆಜೆಸ್ಟಿಕ್ ಬಸ್ ಸ್ಟ್ಯಾಂಡಿನಲ್ಲಿ ಮೊದಲ ಸಲ ಪ್ಲಾಟ್‌ಫಾರ್ಮ್ ಹುಡುಕಿದಂತೆ ಇರುತ್ತದೆ. ಇಪ್ಪತ್ತೊಂದು ವರ್ಷ ತುಂಬದವರು ಅಲ್ಲಿ ನಿಲ್ಲುವಂತಿಲ್ಲ, ಹಾದುಹೋಗಬಹುದು ಅಷ್ಟೇ. ಮೊಮ್ಮಗು ಸ್ಲಾಟ್ ಮಷೀನಿನ ಬೊಂಬೆ ನೋಡಲು ನಿಂತರೆ ಸೆಕ್ಯುರಿಟಿಯವರು ಬಂದು ಮುಂದೆ ಹೋಗಿ ಅನ್ನುತ್ತಾರೆ. ಅದಕ್ಕಿಂತ ದೊಡ್ಡ ತೊಂದರೆ ಸಿಗರೇಟು ಹೊಗೆ. ನೆವಾಡಾದಲ್ಲಿ ಕ್ಯಾಸಿನೊ ಹಾಲಿನೊಳಗೆ ಸೇದಬಹುದು. ನಮ್ಮನೆಯವರಿಗೆ ದಮ್ಮು ಇದೆ, ಕರವಸ್ತ್ರ ಮೂಗಿಗೆ ಹಿಡಿದೇ ಓಡಾಡಿದರು. ಮನೆಯಲ್ಲಿ ಆಸ್ತಮಾ ಇದ್ದರೆ ಥೀಮ್ ಮರೆತು ಪಾರ್ಕ್ ಎಂಜಿಎಂ ನೋಡಿ. 2020ರಿಂದ ಅದು ಪೂರ್ತಿ ಹೊಗೆರಹಿತ. ನ್ಯೂಯಾರ್ಕ್-ನ್ಯೂಯಾರ್ಕ್ ಹೋಟೆಲಿನ ಪಕ್ಕದಲ್ಲೇ ಇದೆ, ಥೀಮ್‌ಗಳನ್ನು ನಡೆದು ಹೋಗಿ ನೋಡಬಹುದು.

ರೂಮಿನಲ್ಲಿ ಮೈಕ್ರೋವೇವ್ ಸಿಗುವುದು ಅಪರೂಪ. ಕಾಫಿ ಮಷೀನೂ ಎಲ್ಲ ಕಡೆ ಇರುವುದಿಲ್ಲ. ಬೆಳಿಗ್ಗೆ ಆರಕ್ಕೆ ಕಾಫಿ ಬೇಕಾದರೆ ಲಿಫ್ಟ್ ಇಳಿದು, ಕ್ಯಾಸಿನೊ ಹಾಲ್ ದಾಟಿ, ಸಾಲಿನಲ್ಲಿ ನಿಲ್ಲಬೇಕು. ಮನೆಯ ಕೆಟಲ್ ತೆಗೆದುಕೊಂಡು ಹೋಗುತ್ತೇನೆ ಅನ್ನಬೇಡಿ. ನಮ್ಮದು 230 ವೋಲ್ಟಿನದು, ಅಲ್ಲಿ 120. ನೀರು ಕಾಯುವಷ್ಟರಲ್ಲಿ ಮಧ್ಯಾಹ್ನ ಆಗುತ್ತದೆ.

ಇನ್ನು ಫ್ರಿಜ್. ನಾವು ಬದಲಾಯಿಸಿದ ಎರಡನೇ ಹೋಟೆಲಿನಲ್ಲಿ ಆದದ್ದು ಹೇಳುತ್ತೇನೆ, ಹೆಸರು ಬೇಡ. ರೂಮಿನಲ್ಲಿ ಪುಟ್ಟ ಫ್ರಿಜ್ ಇತ್ತು, ಒಳಗೆ ಬಾಟಲಿಗಳು ಸಾಲಾಗಿ ನಿಂತಿದ್ದವು. ಅತ್ತೆಯ ಇನ್ಸುಲಿನ್, ಒಂದು ಡಬ್ಬಿ ಮೊಸರು ಇಡಬೇಕಿತ್ತು. ನಾನು ನಾಲ್ಕು ಬಾಟಲಿ ತೆಗೆದು ಮೇಜಿನ ಮೇಲೆ ಜೋಡಿಸಿಟ್ಟೆ. ಒಂದನ್ನೂ ತೆರೆಯಲಿಲ್ಲ. ಹೊರಡುವ ದಿನ ಬಿಲ್ಲಿನಲ್ಲಿ ನಾಲ್ಕಕ್ಕೂ ದುಡ್ಡು ಹಾಕಿದ್ದರು! ಕೆಳಗೆ ಸೆನ್ಸರ್ ಇರುತ್ತದಂತೆ, ಬಾಟಲಿ ಎತ್ತಿದರೆ ಕುಡಿದ ಲೆಕ್ಕ. ಮಗ ಕೌಂಟರಿನಲ್ಲಿ ಅರ್ಧ ಗಂಟೆ ಮಾತಾಡಿ ತೆಗೆಸಿದ. ನೀವು ಚೆಕ್-ಇನ್ ಆಗುವಾಗಲೇ ‘ಔಷಧಿ ಇಡಲು ಖಾಲಿ ಫ್ರಿಜ್ ಬೇಕು’ ಅಂತ ಹೇಳಿ.

ಚೆಕ್-ಇನ್‌ನಲ್ಲಿ ಕಾರ್ಡಿನ ಮೇಲೆ ಡಿಪಾಸಿಟ್ ಅಂತ ಒಂದಷ್ಟು ಮೊತ್ತ ತಡೆಹಿಡಿಯುತ್ತಾರೆ. ನಮ್ಮ ಫಾರೆಕ್ಸ್ ಕಾರ್ಡ್ ಕೊಟ್ಟರೆ ಆ ದುಡ್ಡು ಬಿಡುಗಡೆಯಾಗಲು ದಿನಗಟ್ಟಲೆ ಕಾಯಬೇಕು. ಮಕ್ಕಳ ಕ್ರೆಡಿಟ್ ಕಾರ್ಡೇ ಸರಿ.

ಅಮೆರಿಕಕ್ಕೆ ಹೋಗದವರು

ಇದೇ ಥೀಮ್ ಬೆಂಗಳೂರಿಗೆ ಹತ್ತಿರದಲ್ಲಿ ಬೇಕು ಅಂದರೆ ಚೀನಾದ ಮಕಾವ್ ಇದೆ. ವೇಗಸ್ಸಿನ ಅಣ್ಣತಮ್ಮಂದಿರೇ ಅಲ್ಲಿದ್ದಾರೆ: 2007ರ ವೆನೀಷಿಯನ್, 2016ರ ಪ್ಯಾರಿಸಿಯನ್, ಬಿಗ್ ಬೆನ್ ನಕಲು ಇರುವ ಲಂಡನರ್. ಎಲ್ಲ ಕೋಟಾಯ್ ಅನ್ನುವ ಒಂದೇ ಪ್ರದೇಶದಲ್ಲಿ, ಪುಕ್ಕಟೆ ಬಸ್ಸುಗಳ ಅನುಕೂಲದೊಂದಿಗೆ. ನಕಲಿನ ನಕಲು ಅಂತ ಮೂಗು ಮುರಿಯಬಹುದು, ಆದರೆ ಸಿಗರೇಟಿಗೆ ಅಲ್ಲಿ ಪ್ರತ್ಯೇಕ ಕೋಣೆ, ರೂಮಿನಲ್ಲಿ ಕೆಟಲ್. ಭಾರತೀಯರಿಗೆ ಮೂವತ್ತು ದಿನದವರೆಗೆ ವೀಸಾ ಬೇಡ. ಹಾಂಗ್‌ಕಾಂಗ್ ಮೂಲಕ ಹೋಗುವುದಾದರೆ ಅಲ್ಲಿನ ಆನ್‌ಲೈನ್ ಮುಂಗಡ ನೋಂದಣಿ ಮಾಡಿಸಿ, ಆಮೇಲೆ 55 ಕಿಲೋಮೀಟರಿನ ಸಮುದ್ರ ಸೇತುವೆಯ ಮೇಲೆ ಬಸ್ಸಿನಲ್ಲಿ ಹೋಗಿ. ಆ ಪ್ರಯಾಣವೇ ಒಂದು ನೋಟ. ಚೀನಾ ಹೊಸವರ್ಷ ಮತ್ತು ಅಕ್ಟೋಬರಿನ ಮೊದಲ ವಾರ ಬೇಡ. ಸಸ್ಯಾಹಾರಿಗಳು ತಿಂಡಿಯ ಪೊಟ್ಟಣ ಕಟ್ಟಿಕೊಂಡೇ ಹೋಗುವುದು ಒಳ್ಳೆಯದು.

ಗೆಂಟಿಂಗ್ ಬೇರೆಯೇ ರುಚಿ. ಕ್ವಾಲಾಲಂಪುರದಿಂದ ಒಂದು ಗಂಟೆ, ಸುಮಾರು 1,800 ಮೀಟರ್ ಎತ್ತರ. ನಮ್ಮ ಮುಳ್ಳಯ್ಯನಗಿರಿಗಿಂತ ಸ್ವಲ್ಪ ತಗ್ಗು, ಅಷ್ಟೇ ಮಂಜು. ಅಲ್ಲಿನ ಫಸ್ಟ್ ವರ್ಲ್ಡ್ ಹೋಟೆಲಿಗೆ 7,351 ರೂಮು. ಜಗತ್ತಿನಲ್ಲೇ ಅತಿ ಹೆಚ್ಚು ರೂಮಿನ ಹೋಟೆಲ್ ಅಂತ 2015ರಲ್ಲಿ ಗಿನ್ನೆಸ್ ದಾಖಲೆ ಆಯಿತು. ಮಕ್ಕಳಿಗೆ ಥೀಮ್ ಪಾರ್ಕ್ ಇದೆ, ಹತ್ತಲು ಕೇಬಲ್ ಕಾರ್ ಇದೆ, ದಾರಿಯಲ್ಲಿ ಬಟು ಗುಹೆಯ ಮುರುಗನ ದರ್ಶನವೂ ಆಗುತ್ತದೆ. ರೂಮ್ ಸಾಧಾರಣ, ಚೆಕ್-ಇನ್ ಸಾಲು ತಿರುಪತಿಯ ಕ್ಯೂ. ಆದರೂ ಮೂರು ತಲೆಮಾರು ಒಟ್ಟಿಗೆ ಹೋಗುವುದಾದರೆ ನಾನು ಇದನ್ನೇ ಹೇಳುವುದು. 2026ರ ಕೊನೆಯವರೆಗೆ ಭಾರತೀಯರಿಗೆ ವೀಸಾ ಇಲ್ಲದೆ ಮಲೇಷ್ಯಾ ಪ್ರವೇಶ. ಸ್ವೆಟರ್ ಮರೆಯಬೇಡಿ.

ಸಿಂಗಾಪುರದ ಮರೀನಾ ಬೇ ಸ್ಯಾಂಡ್ಸ್ 2010ರದ್ದು. ಮೂರು ಕಟ್ಟಡದ ತಲೆ ಮೇಲೆ ಹಡಗು ಇಟ್ಟಂತಿದೆ. 57ನೇ ಮಹಡಿಯ ಈಜುಕೊಳ ಉಳಿದುಕೊಂಡವರಿಗೆ ಮಾತ್ರ. ಥೀಮ್ ಎಲ್ಲರಿಗೂ ಪುಕ್ಕಟೆ ಅಂದೆನಲ್ಲ, ಆ ಮಾತು ಇಲ್ಲಿ ನಡೆಯುವುದಿಲ್ಲ. ಬಾಡಿಗೆಯೂ ಅದಕ್ಕೆ ತಕ್ಕ ಹಾಗೆ ಉರಿ. ಕೊಳಕ್ಕಾಗಿ ಒಂದು ರಾತ್ರಿ ಅಲ್ಲಿರಿ, ಉಳಿದ ದಿನ ಲಿಟ್ಲ್ ಇಂಡಿಯಾದಲ್ಲಿ ಇದ್ದರೆ ಇಡ್ಲಿ ಕಾಫಿಗೂ ತೊಂದರೆ ಇಲ್ಲ. ಕ್ಯಾಸಿನೊಗೆ ಅಲ್ಲಿನ ಪ್ರಜೆಗಳು 24 ಗಂಟೆಗೆ 150 ಸಿಂಗಾಪುರ ಡಾಲರ್ ಕೊಟ್ಟು ಹೋಗಬೇಕು, ಪಾಸ್‌ಪೋರ್ಟ್ ತೋರಿಸುವ ನಮಗೆ ಪುಕ್ಕಟೆ. ಯಾಕೆ ಅಂತ ಒಂದು ಕ್ಷಣ ಯೋಚಿಸಿ ಒಳಗೆ ಹೋಗಿ.

ಗೋವಾ ಕೇಳುವವರೇ ಜಾಸ್ತಿ, ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಪಣಜಿ. ಆದರೆ ಅಲ್ಲಿ ದೊಡ್ಡ ಕ್ಯಾಸಿನೊಗಳೆಲ್ಲ ಮಾಂಡೋವಿ ನದಿಯ ಹಡಗುಗಳಲ್ಲಿವೆ, ನೀವು ಉಳಿಯುವುದು ದಡದ ಹೋಟೆಲಿನಲ್ಲಿ. ಪ್ರವೇಶದ ಪ್ಯಾಕೇಜಿನಲ್ಲಿ ಬಫೆ, ಡ್ರಿಂಕ್ಸ್, ಒಂದಷ್ಟು ಆಟದ ಕೂಪನ್ ಸೇರಿರುತ್ತದೆ. ಆ ಕೂಪನ್ ಆಡಲಿಕ್ಕೆ ಮಾತ್ರ, ದುಡ್ಡಾಗುವುದಿಲ್ಲ. 2025ರ ಸೆಪ್ಟೆಂಬರಿನಿಂದ ಜಿಎಸ್‌ಟಿ ಶೇಕಡಾ 40, ಗೆದ್ದರೆ ಶೇಕಡಾ 30 ಆದಾಯ ತೆರಿಗೆ. ಹೊಸತೊಡಕಿನ ದಿನ ಊರಿನ ಜಗಲಿಯಲ್ಲಿ ಆಡುವ ಅಂದರ್ ಬಾಹರ್ ಅಲ್ಲಿ ಹಸಿರು ಬಟ್ಟೆಯ ಮೇಜಿಗೆ ಬಂದಿದೆ, ಅದನ್ನು ನೋಡಲು ಬೇಕಾದರೆ ಹೋಗಿ. ಕೊಲಂಬೊದಲ್ಲಿ 2025ರ ಆಗಸ್ಟಿನಲ್ಲಿ ಸಿಟಿ ಆಫ್ ಡ್ರೀಮ್ಸ್ ಕ್ಯಾಸಿನೊ ಶುರುವಾಗಿದೆ. ಹೋಟೆಲೂ ಕ್ಯಾಸಿನೊವೂ ಒಂದೇ ಸೂರಿನಡಿ, ವಿಮಾನ ಸುಮಾರು ಒಂದೂವರೆ ಗಂಟೆ. ನಾನಿನ್ನೂ ಹೋಗಿಲ್ಲ.

ಆಡುವವರಿಗೆ ಒಂದೇ ಸಾಲು: ರೂಲೆಟ್ ಚಕ್ರದ ಮೇಲೆ ಸೊನ್ನೆ ಎಷ್ಟಿವೆ ನೋಡಿ. ಒಂದು ಸೊನ್ನೆ ಇದ್ದರೆ ಕಟ್ಟಿದ ನೂರಕ್ಕೆ ಸರಾಸರಿ 2.7 ಕ್ಯಾಸಿನೊದವರ ಪಾಲು, ಎರಡಿದ್ದರೆ 5.26, ಮೂರಿದ್ದರೆ 7.69. ವೇಗಸ್ಸಿನಲ್ಲಿ ಮೂರು ಸೊನ್ನೆಯ ಮೇಜುಗಳೂ ಇವೆ, ಅದೂ ಜನ ಜಾಸ್ತಿ ಓಡಾಡುವ ಕಡೆ.

ಮೇಷ್ಟ್ರು ಎಲ್ಲ ಕೇಳಿಸಿಕೊಂಡು, ಕಾಫಿ ಕುಡಿದು, ಹಾಳೆ ಮಡಚಿಕೊಂಡು ಹೋದರು. ನಿನ್ನೆ ಅವರ ಮನೆಯವರು ಗೇಟಿನ ಹತ್ತಿರ ಸಿಕ್ಕಿದ್ದರು. ವೆನೀಷಿಯನ್ ಬುಕ್ ಆಗಿದೆಯಂತೆ, ಭಾನುವಾರ ಮತ್ತು ಸೋಮವಾರದ ರಾತ್ರಿ. ಮಗ ಅಲ್ಲೇ ಒಂದು ಕೆಟಲ್ ತಂದಿಟ್ಟಿದ್ದಾನಂತೆ. ‘ಕಾಫಿ ಪುಡಿ ಎಷ್ಟು ತಗೊಂಡು ಹೋಗ್ಲಿ ಅಕ್ಕಾ, ಅರ್ಧ ಕೆಜಿ ಸಾಕಾ?’